ಅರಿವಳಿಕೆಗೊಂದು ಮುಯ್ಯಿ

ನಮ್ಮ ಮನೆಗೆ ಬಂದವರಿಗೆ ಕಾಫಿ ಕೊಡುವಾಗ ನನ್ನ ಹೆಂಡತಿ ಲೋಟವನ್ನು ಒಂದು ಹದದಲ್ಲಿ ತಿರುಗಿಸಿ ಕೊಡುತ್ತಾಳೆ. ಬರಹವಿರುವ ಮಗ್ಗುಲು ಅವಳ ಕಡೆಗೆ, ನುಣ್ಣನೆಯ ಮಗ್ಗುಲು ಬಂದವರ ಕಡೆಗೆ. ಆದರೆ ಬಿಸಿ ಲೋಟ ಹಿಡಿದ ಮನುಷ್ಯ ಅದನ್ನು ಬೆರಳಲ್ಲಿ ಆಡಿಸದೆ ಇರುತ್ತಾನೆಯೇ? ಎರಡು ಗುಟುಕು ಕುಡಿಯುವಷ್ಟರಲ್ಲಿ ಬರಹ ಅವನ ಕಣ್ಣಿಗೆ ಬಿದ್ದೇ ಬೀಳುತ್ತದೆ: ‘ಕು|| ಪವಿತ್ರಳ ಅರಿವಳಿಕೆಯ ಸವಿನೆನಪಿಗೆ, ಗಂಗಣ್ಣ ಮತ್ತು ಮಕ್ಕಳು, ಬುಕ್ಕಾಂಬುಧಿ.’ ಓದಿದ ಮೇಲೆ ಕೆಲವರು ಲೋಟವನ್ನು ಮೆಲ್ಲಗೆ ಕೆಳಗಿಡುತ್ತಾರೆ. ಕಾಫಿಯಲ್ಲಿ ಏನಾದರೂ ಬೆರೆಸಿದ್ದಾರೋ ಎಂಬ ಅನುಮಾನ ಅವರ ಮುಖದಲ್ಲಿ ಕಾಣುತ್ತದೆ. ಇನ್ನು ಕೆಲವರು, ಪಾಪ, ‘ಪವಿತ್ರ ಅಂದ್ರೆ ಯಾರು? ಹೋಗ್ಬಿಟ್ರಾ?’ ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ.

ಹೋಗಿಲ್ಲ. ಶಿವಮೊಗ್ಗದಲ್ಲಿ ಗಟ್ಟಿಮುಟ್ಟಾಗಿ ಕೆಲಸದಲ್ಲಿದ್ದಾಳೆ. ನನ್ನ ಅಕ್ಕನ ಮಗಳು. ಆ ಲೋಟದ ಮೇಲೆ ಅಕ್ಷರ ಕೊರೆದವನು ನಾನೇ.

ಅಜ್ಜಂಪುರದ ಪೇಟೆಬೀದಿಯಲ್ಲಿ ನಮ್ಮಪ್ಪನ ಕಾಲದಿಂದ ನಮ್ಮದೊಂದು ಪಾತ್ರೆ ಅಂಗಡಿಯಿದೆ. ಈಗ ಹೆಸರು ಕೊರೆಯಲು ಕರೆಂಟಿನ ಮಿಷನ್ ಬಂದಿದೆ, ಜೇನುನೊಣದ ಹಾಗೆ ಗುಂಯ್‌ಗುಟ್ಟುತ್ತದೆ. ಅಪ್ಪನ ಕಾಲದಲ್ಲಿ ಒಂದು ಸಣ್ಣ ಉಳಿ, ಒಂದು ಪುಟ್ಟ ಸುತ್ತಿಗೆ. ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತಿದ್ದರು. ನಾನು ಬಾಲ್ಯದಲ್ಲಿ ಅಂಗಡಿಯ ಕೊಳಗಗಳ ನಡುವೆ ಮಲಗಿ ಆ ಟಿಕ್ ಟಿಕ್ ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ. ಅಕ್ಷರಕ್ಕೆ ಇಷ್ಟು ಎಂದು ಕೂಲಿ. ಹಾಗಾಗಿ ಊರಿನವರು ತಮ್ಮ ಹೆಸರನ್ನು ತಾವೇ ಮೊಟಕು ಮಾಡಿಕೊಳ್ಳುತ್ತಿದ್ದರು. ‘ಒತ್ತಕ್ಷರಕ್ಕೂ ಬೇರೆ ಕಾಸಾ ಶೆಟ್ರೇ? ಅದು ಕೆಳಗೆ ಸುಮ್ನೆ ನೇತಾಡ್ತದಪ್ಪ’ ಎಂದು ಚೌಕಾಸಿ ಮಾಡಿದವರಿದ್ದಾರೆ. ತಿಪ್ಪೇರುದ್ರಪ್ಪ ಎಂಬ ಭಾರಿ ಹೆಸರಿನವರೊಬ್ಬರು ಮಗಳ ಮದುವೆಯ ಹಂಡೆಗೆ ಹೆಸರು ಹಾಕಿಸಲು ಬಂದು, ದರ ಕೇಳಿ, ‘ತಿ. ರು.’ ಆಗಿ ಮನೆಗೆ ಹೋದರು. ಬಾಗಿಲ ಬಳಿ ಕುಳಿತ ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಯಾವ ಪಾತ್ರೆಗೆ ಯಾವ ಮಾತು ಸಲ್ಲುತ್ತದೆ ಎನ್ನುವುದರಲ್ಲಿ ಅವಳದೇ ಕೊನೆಯ ತೀರ್ಪು. ತೊಟ್ಟಿಲು ಶಾಸ್ತ್ರಕ್ಕೆ ‘ಆಶೀರ್ವಾದ’, ಮದುವೆಗೆ ‘ಉಡುಗೊರೆ’, ಗೃಹಪ್ರವೇಶಕ್ಕೆ ‘ನೆನಪಿಗಾಗಿ’. ಅಜ್ಜಿಯ ಈ ವ್ಯಾಕರಣದಲ್ಲಿ ಅರಿವಳಿಕೆಗೆ ಯಾವ ಮಾತು ಎಂಬುದು ಇರಲಿಲ್ಲ. ಅಲ್ಲಿಂದಲೇ ನಮ್ಮ ಪಾಡು ಶುರುವಾಯಿತು ಎನ್ನಬಹುದು.

ಪವಿತ್ರಳನ್ನು ನಾವು ಪವಿ ಎನ್ನುತ್ತೇವೆ. ಅವಳ ಅಪ್ಪ, ಅಂದರೆ ನಮ್ಮ ಭಾವ ಶಿವಣ್ಣ, ಅಮೃತಾಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ಪವಿ ನರ್ಸಿಂಗ್ ಓದಿ, ದಿನಾ ಬಸ್ಸಿನಲ್ಲಿ ತರೀಕೆರೆಗೆ ಹೋಗಿ, ಅಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ಎರಡು ವರ್ಷ ಕೆಲಸ ಮಾಡಿದಳು. ಒಂದು ಭಾನುವಾರ ನಮ್ಮ ಅಂಗಡಿಗೆ ಬಂದು ಕೊಡಪಾನದ ಮೇಲೆ ಕುಳಿತು ಹೇಳಿದಳು:

“ಮಾವ, ನಾನು ಅನಸ್ತೇಷಿಯಾ ಓದ್ತೀನಿ. ಶಿವಮೊಗ್ಗದಲ್ಲಿ ಸೀಟು ಸಿಕ್ಕಿದೆ.”

“ಅಂದ್ರೆ ಮತ್ತು ಬರ್ಸೋದಾ?”

“ಮತ್ತು ಬರ್ಸೋರು ಡಾಕ್ಟ್ರು. ಅವರ ಪಕ್ಕ ನಿಂತು ಮಿಷನ್ನು, ಉಸ್ರು, ಔಷಧಿ ಎಲ್ಲಾ ನೋಡ್ಕೊಳ್ಳೋದು. ಆಪರೇಷನ್ ಥಿಯೇಟರಲ್ಲಿ ಎಲ್ಲರೂ ಗಾಯ ನೋಡ್ತಿರ್ತಾರೆ ಮಾವ. ಮತ್ತಿನ ಡಾಕ್ಟ್ರು ಒಬ್ರೇ ಆಳಿನ ಮುಖ ನೋಡ್ತಿರ್ತಾರೆ. ನಂಗೆ ಆ ಜಾಗ ಬೇಕು.”

ನನಗೆ ಮಾತು ಹೊರಡಲಿಲ್ಲ. ಇಷ್ಟು ಸರಿಯಾದ ಕಾರಣ ಕೊಟ್ಟು ಓದಿದವರನ್ನು ನಾನು ಕಂಡಿರಲಿಲ್ಲ. ನಾನು ಬಿ.ಕಾಂ. ಓದಿದ್ದು ಕಡೂರಿಗೆ ರೈಲಿನ ಪಾಸು ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ.

ಆದರೆ ಫೀಸಿನ ಮೊತ್ತ ಕೇಳಿದ ಭಾವನಿಗೆ ಮಾತ್ರ ಮಾತು ಧಾರಾಳವಾಗಿ ಹೊರಟಿತು. “ನಿದ್ದೆ ಮಾಡ್ಸೋದು ಕಲಿಯಕ್ಕೆ ಐದು ಲಕ್ಷವಾ? ನಮ್ ಸೊಸೈಟಿ ವಾರ್ಷಿಕ ಸಭೆಗೆ ಬಾರವ್ವ. ಅಧ್ಯಕ್ಷರು ಬಾಯಿ ತೆಗೆದ್ರೆ ಸಾಕು, ಇನ್ನೂರು ಜನ ಒಂದೇ ಏಟಿಗೆ ಮಲಗ್ತಾರೆ. ಬಿಟ್ಟಿ ಕಲ್ಸಿಕೊಡ್ತಾರೆ.”

“ಅವರನ್ನ ಮತ್ತೆ ಎಬ್ಬಿಸೋದು ನಿಮ್ಮ ಅಧ್ಯಕ್ಷರಿಗೆ ಬರುತ್ತಾ ಅಪ್ಪ?” ಎಂದಳು ಪವಿ.

“ಊಟ ರೆಡಿ ಅಂದ್ರೆ ತಾವೇ ಏಳ್ತಾರೆ” ಎಂದರು ಭಾವ.

ಅಂತೂ ಬ್ಯಾಂಕಿಗೆ ಹೋಗುವುದೆಂದಾಯಿತು. ತರೀಕೆರೆಯ ಆ ಬ್ಯಾಂಕಿನ ಸಾಲದ ವಿಭಾಗದಲ್ಲಿ ಕನ್ನಡಕ ಹಾಕಿದ ಒಬ್ಬ ಮೇಡಂ. ಓದುವವಳು ಪವಿ, ಸಾಲ ತೀರಿಸುವವಳು ಪವಿ, ಆದರೆ ಅವಳ ಸಹಿಗೆ ಜೊತೆಯಾಗಿ ಅಪ್ಪನ ಸಹಿ ಬೇಕು, ಅದು ಸಾಲದೆ ಒಬ್ಬ ಜಾಮೀನುದಾರ ಬೇಕು ಎಂದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಶರಟಿನ ಕಾಲರು ಸರಿಮಾಡಿಕೊಂಡೆ. ಹುಟ್ಟಿದಾಗಿನಿಂದ ನನ್ನ ಸಹಿಯನ್ನು ಯಾರೂ ಅಷ್ಟು ಆಸೆಯಿಂದ ಕೇಳಿರಲಿಲ್ಲ. ಮೇಡಂ ಪುಟ ತಿರುಗಿಸಿದಂತೆಲ್ಲ ಸಹಿ ಹಾಕಿದೆ. ಕೊನೆಗೆ ಅವರು, “ಇವರು ಕಟ್ಟದಿದ್ರೆ ನೀವು ಕಟ್ಟಬೇಕಾಗುತ್ತೆ, ಗೊತ್ತಲ್ಲ ಸರ್?” ಎಂದರು. ನಮ್ಮ ಪೇಟೆಯಲ್ಲಿ ನನ್ನನ್ನು ‘ಏ ಪಾತ್ರೆ’ ಎಂದು ಕರೆಯುವುದು ರೂಢಿ. ‘ಸರ್’ ಎಂಬುದು ಕಿವಿಗೆ ಬಿದ್ದ ಸಂತೋಷದಲ್ಲಿ ಅದರ ಹಿಂದಿನ ಮಾತು ನನಗೆ ಕೇಳಿಸಲೇ ಇಲ್ಲ.

ಸಾಲ ಮಂಜೂರಾಯಿತು. ಆದರೆ ಬ್ಯಾಂಕು ಇಡೀ ಹಣ ಕೊಡುವುದಿಲ್ಲ, ಒಂದು ಪಾಲು ನಾವು ಹಾಕಬೇಕು. ಜೊತೆಗೆ ಕಾಲೇಜಿನವರು ‘ಇತರೆ’ ಎಂಬ ಹೆಸರಿನಲ್ಲಿ ಕೇಳಿದ ಹಣವೊಂದಿತ್ತು. ಈ ‘ಇತರೆ’ಗೆ ರಸೀದಿ ಇಲ್ಲ. ರಸೀದಿ ಇಲ್ಲದ್ದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಪವಿ ಎರಡು ವರ್ಷ ಕೂಡಿಸಿದ್ದನ್ನೆಲ್ಲ ಸುರಿದರೂ ಇನ್ನೂ ಐವತ್ತು ಸಾವಿರ ಕಡಿಮೆ. ತಿಂಗಳ ಕೊನೆಯೊಳಗೆ ಕಟ್ಟದಿದ್ದರೆ ಸೀಟು ಬೇರೆಯವರಿಗೆ.

ದುಡ್ಡು ಇರಲಿಲ್ಲವೆಂದಲ್ಲ. ಅವಳ ಮದುವೆಗೆಂದು ಅಕ್ಕ ರತ್ನ ಒಂದು ಸರ ಮಾಡಿಸಿಟ್ಟಿದ್ದಳು. ಅದರ ಮಾತೆತ್ತಿದರೆ ಸಾಕು, “ನಾಳೆ ನೋಡಕ್ಕೆ ಬರೋ ಗಂಡಿನ ಕಡೆಯೋರಿಗೆ ಕತ್ತು ತೋರುಸ್ಲಾ, ಮಾರ್ಕ್ಸ್ ಕಾರ್ಡ್ ತೋರುಸ್ಲಾ?” ಎಂದು ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಭಾವ ಬೇರೊಂದು ದಾರಿ ಹುಡುಕಿದರು. ಮಹಿಳಾ ಸಂಘದಲ್ಲಿ ಸಾಲ ತೆಗೆದು ಕಾಲೇಜಿಗೆ ಕಟ್ಟುವುದು, ಸಂಘದ ಕಂತಿಗೆ ಚೀಟಿ ಹಣ ಎತ್ತುವುದು, ಚೀಟಿ ಕಟ್ಟಲು ಗಿರಣಿಯ ಮೇಲೆ ಸಾಲ ಮಾಡುವುದು. ಇದನ್ನು ಹೇಳುವಾಗ ಅವರ ಮುಖದಲ್ಲಿ ಎಂಥ ನೆಮ್ಮದಿ ಇತ್ತೆಂದರೆ, ಇದೆಲ್ಲ ಕೊನೆಗೆ ಯಾರ ತಲೆಯ ಮೇಲೆ ಬಂದು ನಿಲ್ಲುತ್ತದೆ ಎಂದು ಕೇಳಲು ನಮಗೆ ಮನಸ್ಸಾಗಲಿಲ್ಲ.

ಆಗ ಬಾಯಿ ಹಾಕಿದವಳು ನಮ್ಮ ಅವ್ವ. ವಯಸ್ಸು ಎಂಬತ್ತರ ಹತ್ತಿರ. ಹಲ್ಲು ಹೋಗಿವೆ, ಮಾತು ಹೋಗಿಲ್ಲ.

“ಅಲ್ಲ ಕಣ್ರೋ, ಈ ಸೀಮೆ ಮದ್ವೆಗೆಲ್ಲ ನಾವು ಮುಯ್ಯಿ ಬರ್ಸಿದ್ದೀವಿ. ಕಡೂರು, ತರೀಕೆರೆ, ಯಾವ ಊರು ಬಿಟ್ಟಿದ್ದೀವಿ? ಅದೆಲ್ಲ ಯಾವತ್ತು ವಾಪಸ್ ಬರೋದು?”

“ಪವಿ ಮದ್ವೆಗೆ” ಎಂದಳು ರತ್ನಕ್ಕ.

“ಅವಳು ಓದು ಮುಗೀಲಿ ಅಂತಾಳೆ. ಓದಕ್ಕೆ ದುಡ್ಡಿಲ್ಲ. ದುಡ್ಡು ಅಲ್ಲಿ ಜನರತ್ರ ಕೂತದೆ. ಮದ್ವೆ ಆಮ್ಯಾಕೆ ಮಾಡಿ, ಮುಯ್ಯಿ ಈಗ ಕರೀರಿ.”

ನಮ್ಮ ಕಡೆಯವರಲ್ಲದವರಿಗಾಗಿ ಒಂದು ಮಾತು. ಮದುವೆಯಲ್ಲಿ ಊಟಕ್ಕೆ ಮೊದಲು ಮೈಕಿನ ಮುಂದೆ ಕುಳಿತವನಿಗೆ ನಿಮ್ಮ ಹೆಸರು ಹೇಳಿ ಹಣ ಬರೆಸುತ್ತೀರಿ. ಅದು ಮುಯ್ಯಿ. ನಾಳೆ ನಿಮ್ಮ ಮನೆಯ ಮದುವೆಯಲ್ಲಿ ಅವರು ಅಷ್ಟಕ್ಕೆ ಸ್ವಲ್ಪ ಸೇರಿಸಿ ಬರೆಸುತ್ತಾರೆ. ಆಮೇಲೆ ನೀವು ಅದಕ್ಕಿಷ್ಟು ಸೇರಿಸಿ ಅವರಿಗೆ. ಬ್ಯಾಂಕುಗಳು ಹುಟ್ಟುವ ಮೊದಲೇ ನಮ್ಮ ಹಿರಿಯರು ಕಂಡುಹಿಡಿದ, ಜಾಮೀನು ಕೇಳದ, ಯಾವತ್ತೂ ಮುಗಿಯದ ಸಾಲವಿದು. ಬರೆಸುವುದು ಮಾತ್ರ ಮನೆಯ ಯಜಮಾನನ ಹೆಸರಿನಲ್ಲಿ.

ಅವ್ವನ ಮಾತು ಎಲ್ಲರಿಗೂ ಹಿಡಿಸಿತು. ಕರೆಯೋಲೆ ಅಚ್ಚು ಹಾಕಿಸಲು ಹೋದೆ. ಪ್ರೆಸ್ಸಿನವನು ಹಾಳೆ ಮುಂದಿಟ್ಟುಕೊಂಡು, “ಕಾರ್ಯಕ್ರಮದ ಹೆಸ್ರೇನಣ್ಣ?” ಎಂದ.

“ಕಾಲೇಜಿಗೆ ಸೇರೋದು.”

“ಗಂಡಿನ ಹೆಸರು ಬರೋ ಜಾಗಕ್ಕೆ ಏನ್ ಹಾಕ್ಲಿ? ಖಾಲಿ ಬಿಟ್ರೆ ಚೆನ್ನಾಗಿ ಕಾಣಲ್ಲ.”

ಯೋಚಿಸಿ ಕಾಲೇಜಿನ ಹೆಸರು ಹಾಕಿಸಿದೆ, ಓದಿನ ಜಾಗಕ್ಕೆ ಅನಸ್ತೇಷಿಯಾದ ಕನ್ನಡವಾದ ‘ಅರಿವಳಿಕೆ’. ಕರೆಯೋಲೆ ಓದಿದ ಅರ್ಧ ಜನ ಗಂಡು ಶಿವಮೊಗ್ಗದ ಕಡೆಯವನು, ಡಾಕ್ಟರು ಎಂದುಕೊಂಡರು.

ಉಳಿದರ್ಧ ಜನಕ್ಕೆ ಬೇರೆ ತೊಡಕು ಎದುರಾಯಿತು. ಅದನ್ನು ಬಿಡಿಸಲು ನಮ್ಮ ಅಂಗಡಿ ಎದುರಿನ ಟೀ ಕ್ಯಾಂಟೀನಿನಲ್ಲಿ ಹಿರಿಯರು ಸೇರಿದರು. ಮುಂದಾಳು ಬುಕ್ಕಾಂಬುಧಿಯ ಗಂಗಣ್ಣ. ಭಾವನ ದೊಡ್ಡಪ್ಪನ ಮಗ, ಪವಿಗೆ ದೊಡ್ಡಪ್ಪ. ಮೀಸೆಯಷ್ಟೇ ದೊಡ್ಡದು ದನಿ. ಅಂಗಡಿಯಲ್ಲಿ ಕುಳಿತೇ ನನಗೆ ಎಲ್ಲವೂ ಕೇಳುತ್ತಿತ್ತು.

“ಮುಯ್ಯಿ ಅನ್ನೋದು ಮನೇದು. ಮದ್ವೆ ಆಗದ ಹೆಣ್ಣು ಹುಡ್ಗಿಗೆ ಎಲ್ಲೀದು ಮುಯ್ಯಿ? ಅವಳ ಹೆಸ್ರಲ್ಲಿ ಖಾತೆನೇ ಇಲ್ವಲ್ಲ! ಮದ್ವೆ ಮುಯ್ಯಿ ಮದ್ವೆಗೇ ತೀರ್ಬೇಕು. ಇದು ಗೃಹಪ್ರವೇಶ, ನಾಮಕರಣ ಆ ಜಾತಿಗೆ ಸೇರ್ತದೆ. ಪಾತ್ರೆ ಕೊಟ್ರೆ ಸಾಕು.”

ಎಲ್ಲರೂ ಹೌದೌದು ಎಂದರು. ಟೀ ಮುಗಿಸಿ, ರಸ್ತೆ ದಾಟಿ, ನೇರ ನಮ್ಮ ಅಂಗಡಿಗೇ ಬಂದರು.

ನಾನು ಕೈಮುಗಿದೆ. “ಗಂಗಣ್ಣ, ಹುಡ್ಗಿಗೆ ಫೀಸಿಗೆ ಬೇಕಾಗಿರೋದು ದುಡ್ಡು ಕಣಪ್ಪ. ಇಡ್ಲಿ ಪಾತ್ರೆ ಇಟ್ಕೊಂಡು ಅವಳೇನ್ ಮಾಡ್ತಾಳೆ?”

ಗಂಗಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು ಮಗುವಿಗೆ ಹೇಳುವಂತೆ ಹೇಳಿದ: “ಲೇ, ಪಾತ್ರೆ ಯಾರ ಅಂಗಡೀಲಿ ತಗಂತಿದೀವಿ? ನಿನ್ನ ಅಂಗಡೀಲಿ. ದುಡ್ಡು ಯಾರ ಕೈಗೆ ಬಂತು? ನಿನ್ನ ಕೈಗೆ. ನೀನ್ ಯಾರು? ಅವಳ ಸೋದರಮಾವ. ಅಂದ್ಮೇಲೆ ದುಡ್ಡೂ ನಿಮಗೇ ಬಂತು, ಪಾತ್ರೆನೂ ನಿಮಗೇ ಬಂತು. ಎರಡೆರಡು ಕೊಟ್ಟಂಗಾಯ್ತು. ಇನ್ನೇನ್ ಬೇಕೋ ನಿಂಗೆ?”

ನಾನು ಬಿ.ಕಾಂ. ಓದಿದವನು. ಈ ಮಾತಿನಲ್ಲಿ ಎಲ್ಲೋ ಒಂದು ತೂತಿದೆ ಎಂದು ಗೊತ್ತು. ಎಲ್ಲಿದೆ ಎಂದು ಇವತ್ತಿಗೂ ಗೊತ್ತಾಗಿಲ್ಲ. ಗಂಗಣ್ಣ ಒಂದು ಇಡ್ಲಿ ಪಾತ್ರೆ, ಆರು ಲೋಟ ತೆಗೆದುಕೊಂಡ. “ಹೆಸರು ಹಾಕು. ನಾಳೆ ಯಾರು ಕೊಟ್ಟಿದ್ದು ಅಂತ ಗೊತ್ತಾಗ್ಬೇಕು” ಎಂದ. ಒಬ್ಬ ಹಾಕಿಸಿದ ಮೇಲೆ ಎಲ್ಲರೂ ಹಾಕಿಸಿದರು. ಎರಡು ದಿನ ನಾನು ಊಟಕ್ಕೂ ಏಳದೆ ಪವಿಯ ಅರಿವಳಿಕೆಯನ್ನು ಕೊಳಗ, ಬೋಗುಣಿ, ಡಬರಿಗಳ ಮೇಲೆ ಕೊರೆದೆ. ಎರಡನೆಯ ದಿನ ಸಂಜೆ ಮಿಷನ್ನಿನಿಂದ ಸುಟ್ಟ ವಾಸನೆ ಬಂದು ಅದು ನಿಂತೇಹೋಯಿತು.

ಸಮಾರಂಭ ಭರ್ಜರಿಯಾಗಿ ನಡೆಯಿತು. ಫೀಸಿಗೆ ದುಡ್ಡಿಲ್ಲ ಎಂದು ಕರೆದ ಕಾರ್ಯಕ್ಕೆ ಹೋಳಿಗೆ ಮಾಡಿಸದಿದ್ದರೆ ನಮಗೆ ದುಡ್ಡಿಲ್ಲ ಎಂದು ಜನ ತಿಳಿದುಕೊಳ್ಳುತ್ತಾರೆ ಎಂಬುದು ಭಾವನ ವಾದ. ಹಾಗಾಗಿ ಹೋಳಿಗೆ, ಅದಕ್ಕೆ ತುಪ್ಪ, ಮೇಲೆ ಬಾಳೆಹಣ್ಣು. ಪವಿ ನೀಲಿ ಸೀರೆ ಉಟ್ಟು ವೇದಿಕೆಯ ಮೇಲೆ ಒಬ್ಬಳೇ ಕುಳಿತಿದ್ದಳು. ಪಕ್ಕದ ಕುರ್ಚಿ ಖಾಲಿ. ಬಂದವರು ಮೊದಲು ಆ ಕುರ್ಚಿ ನೋಡಿ, ಆಮೇಲೆ ಅವಳನ್ನು ನೋಡಿ, ಪಾತ್ರೆ ಕೊಟ್ಟು, ಫೋಟೋಗೆ ನಿಂತು ಊಟಕ್ಕೆ ನಡೆದರು. ನಮ್ಮ ಪಕ್ಕದ ಅಂಗಡಿಯಲ್ಲಿ ಪಾತ್ರೆಗೆ ಪಾಲಿಷ್ ಹಾಕುವ ಅಮೀರ್ ಜಾನ್ ಮಾತ್ರ ಒಂದು ಕವರಿನಲ್ಲಿ ಐನೂರ ಒಂದು ರೂಪಾಯಿ ಇಟ್ಟು, “ಚೆನ್ನಾಗಿ ಓದು ಬೇಟಿ” ಎಂದ. ಅವನು ಕ್ಯಾಂಟೀನಿನ ಸಭೆಗೆ ಬಂದಿರಲಿಲ್ಲ. ಅದಕ್ಕೇ ಸರಿಯಾದದ್ದನ್ನು ಕೊಟ್ಟ.

ಸಂಜೆ ಅಡುಗೆಯವನ ಬಾಕಿ ತೀರಿಸಿದ ಮೇಲೆ ನಮ್ಮ ಕೈಲಿ ಉಳಿದದ್ದು ಹನ್ನೊಂದು ಇಡ್ಲಿ ಪಾತ್ರೆ, ಕೋಣೆಯ ತುಂಬ ಬೋಗುಣಿ, ಅಮೀರ್ ಜಾನನ ಕವರು. ಪವಿ ಬೋಗುಣಿಗಳ ನಡುವೆ ನೆಲದ ಮೇಲೆ ಕುಳಿತಳು. ಅಳಲಿಲ್ಲ. ಒಂದು ಮುಚ್ಚಳ ಎತ್ತಿಕೊಂಡು ತನ್ನ ಹೆಸರನ್ನೇ ಓದುತ್ತಿದ್ದಳು.

“ಸೀಟು ಹೋಯ್ತು ಅಲ್ವಾ ಮಾವ?” ಎಂದಳು.

ನಾನು ಸಮಾಧಾನದ ಮಾತು ಹುಡುಕುತ್ತಿರುವಾಗ ಅವ್ವ ಗೋಡೆಗೆ ಒರಗಿದವಳು ಎದ್ದು ಕುಳಿತಳು.

“ಗಂಗಣ್ಣ ಹೇಳಿದ್ದು ಸರಿಯಾಗೇ ಅದೆ. ದುಡ್ಡು ನಮ್ಮನೆಗೇ ಬಂದದೆ. ಲೇ, ನಿನ್ ಗಲ್ಲಾದಲ್ಲಿ ಎಷ್ಟದೆಯೋ?”

“ಅವ್ವ, ಅದು ಅಂಗಡಿ ಬಂಡವಾಳ! ಹೋಲ್‌ಸೇಲಿನೋರಿಗೆ ಕೊಡ್ಬೇಕು!”

“ಅವಳ ಹೆಸರು ಕೊರ್ದು ಬಂದ ದುಡ್ಡು ಅವಳ್ದು. ಪಾತ್ರೆ ನೀನು ಇಟ್ಕೋ. ನಿನ್ ಮಾಲು ನಿನಗೆ ವಾಪಸ್ ಬಂತಲ್ಲ, ನಿಂಗೇನ್ ಲುಕ್ಸಾನು?”

ನನ್ನ ಹೆಂಡತಿ ಆಗಲೇ ಗಲ್ಲಾದ ಬೀಗದ ಕೈ ತಂದು ಅವ್ವನ ಮಡಿಲಲ್ಲಿ ಹಾಕಿದ್ದಳು. ನನ್ನನ್ನು ಕೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ತಿಂಗಳ ಕೊನೆಗೆ ಇನ್ನೂ ಎರಡು ದಿನ ಇರುವಂತೆ ಪವಿ ಶಿವಮೊಗ್ಗದಲ್ಲಿ ಹಣ ಕಟ್ಟಿದಳು. ‘ಇತರೆ’ಗೆ ರಸೀದಿ ಕೇಳಿದ್ದಕ್ಕೆ ಅಲ್ಲಿಯ ಗುಮಾಸ್ತ ಅವಳನ್ನು ಹಳ್ಳಿ ಹುಡುಗಿ ಎಂದು ನಕ್ಕನಂತೆ.

ವ್ಯಾಪಾರ ಬಲ್ಲ ಓದುಗರಿಗೆ ಈಗ ನನ್ನ ಸ್ಥಿತಿ ಅರ್ಥವಾಗಿರಬೇಕು. ಹೆಸರು ಕೊರೆದ ಪಾತ್ರೆಯನ್ನು ಯಾರೂ ಕೊಳ್ಳುವುದಿಲ್ಲ. ‘ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂದು ನಮ್ಮ ಅಂಗಡಿಯಲ್ಲೇ ಬೋರ್ಡು ಹಾಕಿದ್ದೇನೆ. ಅಮೀರ್ ಜಾನ್ ಪಾತ್ರೆಗಳನ್ನು ತಿರುವಿ ನೋಡಿ, “ಏನೂ ಯೋಚ್ನೆ ಮಾಡ್ಬೇಡ ಭಾಯ್, ಅಕ್ಷರ ಎಲ್ಲಾ ಉಜ್ಜಿ ತೆಗೀತೀನಿ” ಎಂದ. ಉಜ್ಜಿದ. ಹಗಲಿನಲ್ಲಿ ಏನೂ ಕಾಣುತ್ತಿರಲಿಲ್ಲ. ಮೊದಲ ಇಡ್ಲಿ ಪಾತ್ರೆ ಮಾರಾಟವಾದ ವಾರಕ್ಕೆ ಕೊಂಡ ಹೆಂಗಸು ಸಿಟ್ಟಿನಿಂದ ಅಂಗಡಿಗೆ ಬಂದಳು.

“ಯಾರ್ರೀ ಅದು ಗಂಗಣ್ಣ?”

“ಯಾವ ಗಂಗಣ್ಣ ಅಮ್ಮ?”

“ಪಾತ್ರೆ ಬಿಸಿ ಆಗಿ ಹಬೆ ಬಂದ್ರೆ ಹೆಸ್ರು ಕಾಣುತ್ತೆ. ನಮ್ಮನೆಯೋರು ಮೂರ್ ದಿನದಿಂದ ಊಟ ಬಿಟ್ಟು ಕೇಳ್ತಾವ್ರೆ, ಗಂಗಣ್ಣ ಯಾರು ಅಂತ!”

ಪಾತ್ರೆ ವಾಪಸ್ಸು ತೆಗೆದುಕೊಂಡೆ. ಉಳಿದವನ್ನು ಅರ್ಧ ಬೆಲೆಗೆ ಹಾಸ್ಟೆಲ್ಲುಗಳಿಗೆ, ಅಡುಗೆ ಕಂಟ್ರಾಕ್ಟಿನವರಿಗೆ ಒಂದೊಂದಾಗಿ ಸಾಗಿಸಿದೆ. ಬ್ಯಾಂಕಿನ ಮೇಡಂ, ಓದುವಾಗಲೇ ತಿಂಗಳ ಬಡ್ಡಿ ಕಟ್ಟಿಕೊಂಡು ಹೋದರೆ ಸಾಲ ಬೆಳೆಯುವುದಿಲ್ಲ ಎಂದು ಪವಿಗೆ ಹೇಳಿದ್ದರು. ಆ ಬಡ್ಡಿಯನ್ನು ಬಹುಕಾಲ ಕಟ್ಟಿದ್ದು ಈ ಬೋಗುಣಿಗಳೇ. ಬಡ್ಡಿಗೆ ಸರ್ಕಾರದ ಒಂದು ರಿಯಾಯಿತಿಯೂ ಇತ್ತಂತೆ. ಅರ್ಜಿ ಹಾಕುವ ಕಾಲ ಮುಗಿದ ಮೇಲೆ ಬ್ಯಾಂಕಿನವರು ಮರೆಯದೆ ನೆನಪಿಸಿದರು. ಮಾರಲಾಗದೆ, ಉಜ್ಜಿಸದೆ ಹಾಗೇ ಉಳಿದವು ಗಂಗಣ್ಣನ ಆರು ಲೋಟಗಳು. ಅವನಿಗೆ ಗೊತ್ತಾದರೆ ಎಂಬ ಹೆದರಿಕೆ ಬೇರೆ.

ಹೆದರಿಕೆಗೆ ಕಾರಣವಿತ್ತು. ಪಾತ್ರೆ ಕೊಟ್ಟವರೆಲ್ಲ ತಾವು ಪವಿಯನ್ನು ಓದಿಸುತ್ತಿದ್ದೇವೆ ಎಂದು ನಂಬಿದ್ದರು. ಮೊಣಕಾಲು ನೋವಿಗೂ, ಎಮ್ಮೆಯ ಕೆಚ್ಚಲು ಬಾವಿಗೂ ಅವಳಿಗೇ ಫೋನು. ಬೆಳಗಿನ ಕ್ಲಾಸಿಗೆ ಓಡುವಾಗ ಗಂಗಣ್ಣನ ಫೋನು ಬರುತ್ತಿತ್ತು: “ಏನವ್ವ, ನಮ್ ದುಡ್ಡಲ್ಲಿ ಓದೋಳು ನಮ್ ಫೋನ್ ಎತ್ತಕ್ಕೆ ಇಷ್ಟೊತ್ತಾ?” ಬ್ಯಾಂಕು ಲಕ್ಷಗಟ್ಟಲೆ ಕೊಟ್ಟು ತಿಂಗಳಿಗೊಮ್ಮೆ ನೆನಪಿಸುತ್ತಿತ್ತು. ಗಂಗಣ್ಣ ಒಂದು ಇಡ್ಲಿ ಪಾತ್ರೆ ಕೊಟ್ಟು ವಾರಕ್ಕೆರಡು ಸಲ.

ಓದು ಮುಗಿಯಿತು. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಕೆಲಸವೂ ಸಿಕ್ಕಿತು. ಮೊದಲ ತಾರೀಕು ಸಂಬಳ, ಐದನೆಯ ತಾರೀಕು ಬ್ಯಾಂಕಿನ ಕಂತು, ಆರನೆಯ ತಾರೀಕಿನಿಂದ ಉಪ್ಪಿಟ್ಟು. ಒಂದು ಸಲ ಆಸ್ಪತ್ರೆಯವರು ಸಂಬಳ ತಡಮಾಡಿದಾಗ ನನ್ನ ಮೊಬೈಲಿಗೆ ಬ್ಯಾಂಕಿನಿಂದ ಕರೆ ಬಂತು. “ಸರ್, ನೀವು ಜಾಮೀನುದಾರರಲ್ವಾ?” ಎಂದಿತು ಒಂದು ಗಂಡು ದನಿ. ಈ ಸಲ ‘ಸರ್’ ಕೇಳಿಸಲಿಲ್ಲ, ಉಳಿದದ್ದೆಲ್ಲ ಕೇಳಿಸಿತು. ಇನ್ನು ಕಂತು ಹತ್ತಿರ ಬಂದಾಗ ನೆನಪಿಸುವ ಮುದ್ರಿತ ದನಿಯ ಹುಡುಗಿಯೊಬ್ಬಳಿದ್ದಾಳೆ. ಫೋನು ಅವ್ವನ ಕೈಗೆ ಸಿಕ್ಕರೆ ಅವಳ ಜೊತೆ ಸುಖದುಃಖ ಮಾತಾಡುತ್ತಾಳೆ. “ಊಟ ಆಯ್ತೇನವ್ವ? ಎಷ್ಟ್ ನಯವಾಗಿ ಮಾತಾಡ್ತೀಯ. ನಮ್ ಹುಡ್ಗಿ ಕಟ್ತಾಳೆ, ನೀನು ಬೇಜಾರು ಮಾಡ್ಕೋಬೇಡ.”

ಹೀಗಿರುವಾಗ ಗಂಗಣ್ಣನ ಮೊಮ್ಮಗಳ ಮದುವೆ ಬಂತು. ಅವನೇ ಮನೆಗೆ ಬಂದು ಕರೆದು ಹೋದ. ರಜೆಗೆಂದು ಪವಿ ನಮ್ಮ ಮನೆಗೆ ಬಂದಿದ್ದ ದಿನ ಆ ಮಾತು ಎದ್ದಿತು.

“ನಾನು ಬರಲ್ಲ ಅಜ್ಜಿ” ಎಂದಳು. “ಈ ತಿಂಗಳು ಕಂತು ಕಟ್ಟಿದ್ರೆ ಉಳಿಯೋದೇ ಒಂದು ಸಾವಿರ. ಅಪ್ಪ ಹೋಗಿ ಅಪ್ಪನ ಹೆಸ್ರಲ್ಲಿ ಬರ್ಸಲಿ. ನನ್ನ ಹೆಸ್ರಲ್ಲಿ ಖಾತೆ ಇಲ್ಲ ಅಂತ ಅವತ್ತು ದೊಡ್ಡಪ್ಪನೇ ಹೇಳಿದ್ರಲ್ಲ.”

“ಅವನು ಹೇಳ್ದ ಅಂತ ನೀನು ಬಿಟ್ಬಿಡೋದಾ?”

“ಬಿಟ್ರೆ ಒಳ್ಳೇದಲ್ವಾ? ನೋಡಜ್ಜಿ, ಬ್ಯಾಂಕಿಂದು ಇನ್ನು ನಾಲ್ಕು ವರ್ಷ. ಆಮೇಲೆ ಮುಗೀತು ಅಂತ ಅವರೇ ಚೀಟಿ ಕೊಡ್ತಾರೆ. ನಿನ್ನ ಈ ಸಾಲ ಯಾವತ್ತು ಮುಗಿಯೋದು?”

“ಮುಗೀಬಾರ್ದು ಕಣೇ” ಎಂದಳು ಅವ್ವ, ಹುಡುಗಿಗೆ ಇಷ್ಟೂ ಗೊತ್ತಿಲ್ಲವಲ್ಲ ಎನ್ನುವ ಬೆರಗಿನಲ್ಲಿ. “ಮುಗುದ್ರೆ ನಮ್ಮನೆ ಬಾಗ್ಲಿಗೆ ಯಾರ್ ಬತ್ತಾರೆ?”

ಪವಿ ಬ್ಯಾಗು ತುಂಬಿಕೊಂಡು ಸಂಜೆ ಬಸ್ಸಿಗೆ ಹೊರಟುಹೋದಳು.

ಮದುವೆಯ ದಿನ ಬುಕ್ಕಾಂಬುಧಿಯಲ್ಲಿ ಕೆರೆಯ ಕಡೆಯಿಂದ ಬೀಸುವ ಗಾಳಿಗೆ ಶಾಮಿಯಾನ ಪಟಪಟ ಹೊಡೆದುಕೊಳ್ಳುತ್ತಿತ್ತು. ನಾನು, ಅವ್ವ ಮೊದಲ ಪಂಕ್ತಿಗೇ ಕುಳಿತಿದ್ದೆವು. ಹೊರಗೆ ಮೇಜಿನ ಬಳಿ ನಿವೃತ್ತ ಮೇಷ್ಟರೊಬ್ಬರು ಮುಯ್ಯಿ ಬರೆಯುತ್ತ ಒಂದೊಂದು ಹೆಸರನ್ನೂ ಮೈಕಿನಲ್ಲಿ ಕೂಗುತ್ತಿದ್ದರು. ಭಾವನ ಹೆಸರು ಆಗಲೇ ಆಗಿತ್ತು. ಅಷ್ಟರಲ್ಲಿ ಮೇಷ್ಟರು ಮೈಕು ಮುಚ್ಚುವುದನ್ನು ಮರೆತರು. ಆಮೇಲಿನ ಮಾತೆಲ್ಲ ಇಡೀ ಚಪ್ಪರಕ್ಕೆ ಕೇಳಿತು.

“ಯಾರ ಹೆಸ್ರಲ್ಲಮ್ಮ?”

“ನನ್ನ ಹೆಸ್ರಲ್ಲೇ ಸರ್. ಪವಿತ್ರ.”

ನಾನು ಕತ್ತು ಹೊರಳಿಸಿ ನೋಡಿದೆ. ರಾತ್ರಿ ಪಾಳಿ ಮುಗಿಸಿ ಹಾಗೆಯೇ ಬಸ್ಸು ಹತ್ತಿದ್ದಳೆಂದು ಕಾಣುತ್ತದೆ. ಕಣ್ಣು ಕೆಂಪಗಿದ್ದವು, ಹೆಗಲಲ್ಲಿ ಆಸ್ಪತ್ರೆಯ ಬ್ಯಾಗಿತ್ತು.

“ಶಿವಣ್ಣಂದು ಆಗ್ಲೇ ಬಂದಿದೆಯಲ್ಲಮ್ಮ. ಅದ್ರಲ್ಲೇ ಸೇರಿಸ್ಲಾ?”

“ಬೇಡ ಸರ್. ಅದು ಅಪ್ಪಂದು. ಇದು ನಂದು.”

“ಮದ್ವೆ ಆಗಿಲ್ಲ ಅಲ್ವಾ? ಹಂಗೆಲ್ಲ ಬರೆಯೋ ಪದ್ಧತಿ...”

“ಬ್ಯಾಂಕಿನೋರು ಸಾಲನೇ ನನ್ನ ಹೆಸ್ರಲ್ಲಿ ಬರ್ಕೊಂಡ್ರು ಸರ್. ನೀವು ಐನೂರು ರೂಪಾಯಿ ಬರ್ಕೊಳ್ಳಿ.”

ಬಡಿಸುವವನು ಸಾರಿನ ಬಕೀಟು ಹಿಡಿದು ನನ್ನ ಎಲೆಯ ಮುಂದೆ ನಿಂತೇ ಇದ್ದ. ಕೊನೆಗೆ ಮೇಷ್ಟರು ಗಂಟಲು ಸರಿಮಾಡಿಕೊಂಡು, “ಕುಮಾರಿ ಪವಿತ್ರ, ಶಿವಮೊಗ್ಗ, ಐನೂರು ರೂಪಾಯಿ” ಎಂದು ಕೂಗಿದರು.

ಪಂಕ್ತಿಯ ಆ ತುದಿಯಲ್ಲಿ ಉಪಚಾರ ಮಾಡುತ್ತಿದ್ದ ಗಂಗಣ್ಣ, ಹೆಗಲ ವಲ್ಲಿ ಸರಿಮಾಡಿಕೊಳ್ಳುತ್ತ ಮೇಜಿನತ್ತ ಓಡಿದ.

“ಏನ್ ಮಾಡ್ಬಿಟ್ಟೆ ಹುಡ್ಗಿ! ಹಂಗಾದ್ರೆ ನಿಮ್ಮನೆಗೆ ನಾನಿನ್ನು ಎರಡೆರಡು ಸಲ ಬರ್ಸಬೇಕಲ್ಲೇ! ನಿಮ್ಮಪ್ಪಂದೊಂದು, ನಿಂದೊಂದು!”

“ಹೌದು ದೊಡ್ಡಪ್ಪ. ಪಾತ್ರೆ ನಡೆಯಲ್ಲ, ಈಗಲೇ ಹೇಳಿದೀನಿ.”

ಗಂಗಣ್ಣ ಅವಳ ಹೆಗಲಿನ ಬ್ಯಾಗು ಕಸಿದುಕೊಂಡು, “ನಡಿ, ಮೊದ್ಲು ಊಟ ಮಾಡು, ನಿದ್ದೆಗೆಟ್ಟು ಬಂದಿದೀಯ” ಎಂದು ಗದರಿಸುತ್ತ ಕರೆತಂದು ನಮ್ಮ ಎದುರಿನ ಸಾಲಿನಲ್ಲಿ, ಗಂಡಿನ ಕಡೆಯ ಹಿರಿಯರಿಗೆಂದು ಕಾದಿರಿಸಿದ್ದ ಎಲೆಯ ಮುಂದೆ ಕೂರಿಸಿದ.